ಇಳಿದ ಪಂಚಮ: ಭಜನಾ ಮಂದಿರದ ಹಳೆಯ ಆಡಿಯೋ ಮಿಕ್ಸರ್ ರಿಪೇರಿ

"ತಂಬೂರಿ ಪಂಚಮ ಇಳಿದಿದೆ ನೋಡಪ್ಪ," ಅಂದರು ಮಂದಿರದಲ್ಲಿ ಹಾಡುವ ಮೇಷ್ಟ್ರು.

ಇಳಿದಿರಲಿಲ್ಲ. ಎಲೆಕ್ಟ್ರಾನಿಕ್ ತಂಬೂರಿಯನ್ನು ಐದು ನಿಮಿಷದ ಹಿಂದಷ್ಟೇ ಒಂದೂವರೆ ಮನೆ ಶ್ರುತಿಗೆ ಇಟ್ಟಿದ್ದೆ. ಅದರ ಕೇಬಲ್ ಕಿತ್ತು, ಪೆಟ್ಟಿಗೆಯನ್ನೇ ಅವರ ಕಿವಿಯ ಹತ್ತಿರ ಹಿಡಿದೆ. "ಈಗ ಸರಿ ಇದೆ," ಅಂದರು. ಮತ್ತೆ ಮಿಕ್ಸರ್‌ಗೆ (ಎಲ್ಲ ಮೈಕ್‌ಗಳ ಸದ್ದು ಸೇರಿಸುವ ಪೆಟ್ಟಿಗೆಗೆ) ಸಿಕ್ಕಿಸಿ ಸ್ಪೀಕರ್‌ನಲ್ಲಿ ಕೇಳಿಸಿದೆ. "ಊಹೂಂ, ಇಳೀತು." ಎಪ್ಪತ್ತು ದಾಟಿದವರ ಕಿವಿ ಅದು. ನನಗೆ ಬರೀ ಒಂದು ಸಣ್ಣ ಗುಂಯ್ ಕೇಳಿಸುತ್ತಿತ್ತು. ಅವರಿಗೆ ಅದರೊಳಗಿನ ಸ್ವರ ಕೇಳಿಸಿತ್ತು.

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ಒಂದೂವರೆ ಮನೆ ಅಂದರೆ ಹಾರ್ಮೋನಿಯಂನಲ್ಲಿ ಕಪ್ಪು ಒಂದು. ಅದರ ಷಡ್ಜ (ಸ) ಸುಮಾರು 138.6 ಹರ್ಟ್ಜ್. ಮಂದ್ರ ಪಂಚಮ (ಕೆಳಗಿನ ಸ್ಥಾಯಿಯ ಪ) ಅದರ ಮುಕ್ಕಾಲು ಭಾಗ, ಹತ್ತಿರ ಹತ್ತಿರ 104 ಹರ್ಟ್ಜ್. ನಮ್ಮ ಮನೆಗಳಿಗೆ ಬರುವ ಕರೆಂಟ್ 50 ಹರ್ಟ್ಜ್. ಪವರ್ ಸಪ್ಲೈಯಲ್ಲಿರುವ ಡಯೋಡ್‌ಗಳು ಅಲೆಯ ಕೆಳಗಿನ ಅರ್ಧವನ್ನೂ ಮೇಲಕ್ಕೆ ಮಗುಚುತ್ತವೆ. ಹಾಗಾಗಿ ಅಲ್ಲಿ ಹುಟ್ಟುವ ಗುಂಯ್ 100 ಹರ್ಟ್ಜ್. 104ರ ಪಕ್ಕದಲ್ಲಿ 100! ತಂಬೂರಿಯ ಪಂಚಮದ ಜೊತೆ ಸೆಕೆಂಡಿಗೆ ನಾಲ್ಕು ಸಲ ಗುದ್ದಾಡುವ ಇನ್ನೊಂದು ಪಂಚಮ ಮಿಕ್ಸರ್ ಒಳಗಿಂದಲೇ ಬರುತ್ತಿತ್ತು. ಮೇಷ್ಟ್ರು ಹೇಳಿದ್ದು ಪೂರ್ತಿ ನಿಜ.

ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರಗಳ ಕಂಟ್ರೋಲ್ ಪ್ಯಾನೆಲ್ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಸಂಗೀತದ ಹುಚ್ಚು ಚಿಕ್ಕಂದಿನದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಚೇರಿಗಳನ್ನು ಅಪ್ಪನ ಪಕ್ಕ ಕೂತು ಕೇಳುತ್ತಾ ಬೆಳೆದೆ. ಹನುಮಂತನಗರದ ನಮ್ಮ ಪುಟ್ಟ ಭಜನಾ ಮಂದಿರದಲ್ಲೂ ರಾಮನವಮಿಗೆ ಮೂರು ದಿನ ಹಾಡುಗಾರಿಕೆ ಇರುತ್ತದೆ. ಇನ್ನೂರು ಜನ ಕೂರುವ ಹಾಲ್. ಹಳೆಯ ಆಂಪ್ಲಿಫೈಯರ್‌ನಲ್ಲಿ ಎರಡೇ ಮೈಕ್‌ಗೆ ಜಾಗ. ಪಿಟೀಲು, ಮೃದಂಗ, ಘಟ ಎಲ್ಲವೂ ಚೆನ್ನಾಗಿ ಕೇಳಬೇಕು ಅಂತ ಈ ವರ್ಷ ಒಂದು ಮಿಕ್ಸರ್ ತರೋಣ ಅಂದುಕೊಂಡೆವು. ಹೊಸದಕ್ಕೆ ದುಡ್ಡು ಸಾಲದು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಸ್‌ಪಿ ರೋಡ್ ಕಡೆ ನಡೆದೆ. ಅಲ್ಲೊಂದು ಅಂಗಡಿಯಲ್ಲಿ 12 ಚಾನೆಲ್‌ನ ಹಳೆಯ ಅನಲಾಗ್ ಮಿಕ್ಸರ್ 7,500 ರೂಪಾಯಿಗೆ ಸಿಕ್ಕಿತು. ಹೆಡ್‌ಫೋನ್ ಹಾಕಿ ಒಂದೊಂದು ಚಾನೆಲ್ಲೂ ಕೇಳಿದೆ. ಸದ್ದು ಬರುತ್ತಿತ್ತು. ಆ ಗದ್ದಲದಲ್ಲಿ ಗುಂಯ್ ಗೊತ್ತಾಗಲಿಲ್ಲ. ತಂದೆ.

ಪಿನ್ ಇಲ್ಲದ ಪ್ಲಗ್

ಮಾರನೆಯ ದಿನ ಬೆಳಗ್ಗೆ ಪವರ್ ಕೇಬಲ್ ಕೈಗೆ ತೆಗೆದುಕೊಂಡಾಗ ಎದೆ ಧಸಕ್ಕೆಂದಿತು. ಮೂರು ಪಿನ್ ಪ್ಲಗ್‌ನಲ್ಲಿ ಎರಡೇ ಪಿನ್ ಇದ್ದವು. ಮೇಲಿನ ದಪ್ಪ ಪಿನ್ ಅನ್ನು ಯಾರೋ ಗರಗಸದಲ್ಲಿ ಕೊಯ್ದಿದ್ದರು. ಹಿತ್ತಾಳೆಯ ಗುರುತು ಇನ್ನೂ ಹೊಳೆಯುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. "ಹಮ್ ಬರ್ತಿತ್ತು ಸಾರ್, ಅದಕ್ಕೇ ಕಟ್ ಮಾಡಿದ್ವಿ. ಎಲ್ಲರೂ ಹಂಗೇ ಮಾಡ್ತಾರೆ," ಅಂದರು.

ಎಲ್ಲರೂ ಮಾಡುತ್ತಾರೆ ಅನ್ನುವುದೇ ನನ್ನನ್ನು ಕಾಡುವ ಮಾತು. ಆ ದಪ್ಪ ಪಿನ್ ಅರ್ತ್. ಉಳಿದೆರಡಕ್ಕಿಂತ ಅದು ಉದ್ದ ಇರುತ್ತದೆ. ಪ್ಲಗ್ ಹಾಕುವಾಗ ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಅಂತಲೇ ಹಾಗೆ ಮಾಡಿದ್ದಾರೆ. ಮಿಕ್ಸರ್‌ನ ತಗಡಿನ ಮೈಯೆಲ್ಲ ಆ ಪಿನ್‌ಗೆ ಸೇರಿದೆ. ಒಳಗೆ ಎಲ್ಲೋ ಫೇಸ್ ತಂತಿಯ ಇನ್ಸುಲೇಶನ್ ಸವೆದು ತಗಡಿಗೆ ತಾಗಿದರೆ, ಕರೆಂಟ್ ಆ ದಾರಿಯಲ್ಲಿ ನೆಲಕ್ಕೆ ಓಡಿ ಫ್ಯೂಸ್ ಸುಡುತ್ತದೆ. ಪಿನ್ ಇಲ್ಲದಿದ್ದರೆ ಫ್ಯೂಸ್ ಸುಡುವುದಿಲ್ಲ. ತಗಡಿನಲ್ಲಿ 230 ವೋಲ್ಟ್ ಸುಮ್ನೆ ಕಾಯುತ್ತಾ ಕೂರುತ್ತದೆ. ಅದೇ ತಗಡಿನಿಂದ ಮೈಕ್ ಕೇಬಲ್‌ನ ಜಾಲರಿ, ಅಂದರೆ ಒಳತಂತಿಗಳ ಸುತ್ತ ಹೆಣೆದ ತಂತಿ, ಹೊರಡುತ್ತದೆ. ಹಲವು ಮೈಕ್‌ಗಳಲ್ಲಿ ಆ ಜಾಲರಿ ಮೈಕಿನ ಲೋಹದ ಮೈಗೇ ಸೇರಿರುತ್ತದೆ. ಭಜನೆ ಹೇಳುವ ಅಜ್ಜಿ ಮೈಕ್ ಅನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ತಾಗಿಸಿಕೊಂಡೇ ಹಾಡುತ್ತಾರೆ. ಬರಿಗಾಲು, ಒರೆಸಿದ ತಣ್ಣನೆಯ ರೆಡ್ ಆಕ್ಸೈಡ್ ನೆಲ. ಇದನ್ನು ನೆನೆಸಿಕೊಂಡರೆ ಗುಂಯ್ ಅನ್ನುವುದು ಒಂದು ತೊಂದರೆಯೇ ಅಲ್ಲ.

ಕೇಬಲ್ ಕತ್ತರಿಸಿ ಕಸಕ್ಕೆ ಹಾಕಿದೆ. ಬೇರೆ ಯಾರೂ ಎತ್ತಿಕೊಂಡು ಬಳಸಬಾರದು ಅಂತ ಮೂರು ತುಂಡು ಮಾಡಿಯೇ ಹಾಕಿದ್ದು. ಐಎಸ್‌ಐ ಗುರುತಿನ ಹೊಸ ಕೇಬಲ್ ತಂದೆ.

ಮಿಕ್ಸರ್ ಹಿಂದಿನ ಫ್ಯೂಸ್ ಡಬ್ಬಿ ಎಳೆದರೆ ಅಲ್ಲಿ ಇನ್ನೊಂದು ಎಡವಟ್ಟು. ಗಾಜಿನ ಫ್ಯೂಸ್ ಸುತ್ತ ತಾಮ್ರದ ಎಳೆ ಸುತ್ತಿದ್ದರು. ಪಕ್ಕದಲ್ಲೇ "ಟಿ 315 ಎಂಎ" ಅಂತ ಅಚ್ಚಾಗಿದೆ. 40 ವ್ಯಾಟ್ ತಿನ್ನುವ ಮಿಕ್ಸರ್‌ಗೆ 230 ವೋಲ್ಟ್‌ನಲ್ಲಿ ಬೇಕಾಗುವುದು 0.17 ಆಂಪ್ ಅಷ್ಟೇ. ಟಿ ಅಂದರೆ ನಿಧಾನಕ್ಕೆ ಸುಡುವ ಫ್ಯೂಸ್. ಸ್ವಿಚ್ ಹಾಕಿದ ಕ್ಷಣ ಟ್ರಾನ್ಸ್‌ಫಾರ್ಮರ್ ಒಮ್ಮೆಗೆ ಜಾಸ್ತಿ ಎಳೆಯುವುದರಿಂದ ಈ ಜಾತಿಯೇ ಬೇಕು. ಮಾಮೂಲಿ ಫ್ಯೂಸ್ ಹಾಕಿ ಅದು ಪದೇ ಪದೇ ಹೋದಾಗ ಬೇಸತ್ತು ತಾಮ್ರ ಸುತ್ತಿರಬೇಕು. ಸರಿಯಾದ ಫ್ಯೂಸ್ ಹತ್ತು ಕೊಂಡು ಒಂದು ಹಾಕಿದೆ. ಉಳಿದವನ್ನು ಮಿಕ್ಸರ್ ಡಬ್ಬದ ಒಳಗೇ ಟೇಪ್‌ನಿಂದ ಅಂಟಿಸಿದೆ. ಕೈಗೆ ಸಿಕ್ಕರೆ ಯಾರೂ ತಂತಿ ಸುತ್ತುವುದಿಲ್ಲ ಅಲ್ವಾ.

ಗೋಡೆಯ ಸಾಕೆಟ್

ಮಿಕ್ಸರ್ ಬಿಚ್ಚುವ ಮುಂಚೆ ಮಂದಿರದ ಸಾಕೆಟ್ ನೋಡಬೇಕಿತ್ತು. ಪ್ಲಗ್‌ಗೆ ಪಿನ್ ಹಾಕಿ ಗೋಡೆಯಲ್ಲಿ ಅರ್ತ್ ಇಲ್ಲದಿದ್ದರೆ ಏನು ಬಂತು?

ಸ್ಟೇಜ್ ಪಕ್ಕದ ಸಾಕೆಟ್‌ಗೆ ಮಲ್ಟಿಮೀಟರ್ ಹಾಕಿದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 232 ವೋಲ್ಟ್. ಸರಿ. ಫೇಸ್ ಮತ್ತು ಅರ್ತ್ ನಡುವೆಯೂ ಅಷ್ಟೇ ಬರಬೇಕು. ಬಂದದ್ದು 126. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಇರಬಹುದು. ಬಂದದ್ದು 106.

ಈ ಎರಡು ಸಂಖ್ಯೆ ಒಟ್ಟಿಗೆ ಕಂಡರೆ ಅರ್ತ್ ತಂತಿ ಎಲ್ಲಿಗೂ ಹೋಗದೆ ನೇತಾಡುತ್ತಿದೆ ಅಂತ ಅರ್ಥ. ಆ ಲೈನಿನ ಎಕ್ಸ್‌ಟೆನ್ಷನ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಇತ್ತು. ಇಂಥ ಚಾರ್ಜರ್‌ಗಳಲ್ಲಿ ಗಲಾಟೆ ಸೋಸಲು ಫೇಸ್‌ನಿಂದ ಅರ್ತ್‌ಗೆ, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೊಂದು ಪುಟ್ಟ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಇರುತ್ತದೆ. ಅರ್ತ್ ನೆಲ ಸೇರದಿದ್ದರೆ ಅದು ಎರಡರ ಮಧ್ಯದಲ್ಲಿ, ಅರ್ಧ ವೋಲ್ಟೇಜ್ ಹತ್ತಿರ ತೇಲುತ್ತದೆ. ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನುವುದು ಇದೇ. ಆ ಜುಮ್ ಕೊಲ್ಲುವುದಿಲ್ಲ, ಅಲ್ಲಿ ಹರಿಯುವ ಕರೆಂಟ್ ತೀರಾ ಸಣ್ಣದು. ಆದರೆ ಅದೇ ಎಕ್ಸ್‌ಟೆನ್ಷನ್‌ನಲ್ಲಿರುವ ಯಾವುದೇ ಒಂದು ಯಂತ್ರ ಕೆಟ್ಟು ಫೇಸ್ ಮೈಗೆ ಬಂದರೆ, ಅದಕ್ಕೆ ಸಿಕ್ಕಿಸಿರುವ ಎಲ್ಲದರ ಮೈಗೂ 230 ವೋಲ್ಟ್ ಹಂಚಿಹೋಗುತ್ತದೆ. ಮೈಕ್‌ಗೂ.

ಇದು ನನ್ನ ಕೈಯಲ್ಲಿ ಮಾಡುವ ಕೆಲಸ ಅಲ್ಲ ಅಂತ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿದೆ. ಹಿತ್ತಲಲ್ಲಿ ಅರ್ತ್ ಗುಂಡಿಯ ಮುಚ್ಚಳ ಎತ್ತಿದಾಗ ಕಾರಣ ಕಂಡಿತು. ಜಿಐ ಪೈಪ್‌ಗೆ ತಂತಿ ಬಿಗಿದಿದ್ದ ಬೋಲ್ಟ್ ತುಕ್ಕು ತಿಂದು ಪುಡಿಯಾಗಿತ್ತು. ತಂತಿ ಗುಂಡಿಯ ಗೋಡೆಗೆ ಒರಗಿ ನಿಂತಿತ್ತು. ಹೊಸ ಕ್ಲ್ಯಾಂಪ್ ಹಾಕಿದರು. ಬೇಸಿಗೆಯ ಒಣ ಕೆಂಪುಮಣ್ಣಿಗೆ ಎರಡು ಕೊಡ ನೀರು ಸುರಿದರು. ಸ್ಟೇಜಿನ ಲೈನಿಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಕೂರಿಸಿದರು. ಹೋದ ಕರೆಂಟ್‌ಗೂ ವಾಪಸ್ ಬಂದ ಕರೆಂಟ್‌ಗೂ ಅಷ್ಟು ವ್ಯತ್ಯಾಸ ಬಂದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಮತ್ತೆ ಅಳೆದಾಗ ನ್ಯೂಟ್ರಲ್ ಮತ್ತು ಅರ್ತ್ ನಡುವೆ 1.4 ವೋಲ್ಟ್. ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿ ಒತ್ತಿದೆ. ಟಪ್ ಅಂತ ಬಿತ್ತು. ಆ ಸದ್ದು ಕೇಳಿ ಎಷ್ಟು ಸಮಾಧಾನವಾಯಿತು ಅಂದರೆ ಇನ್ನೊಂದು ಸಲ ಒತ್ತಿ ನೋಡಿದೆ.

ಮುಚ್ಚಳ ಬಿಚ್ಚಿದ್ದು

ಅರ್ತ್ ಸರಿಯಾಯಿತು, ಗುಂಯ್ ಹಾಗೇ ಇತ್ತು. ಎಲ್ಲ ಕೇಬಲ್ ಕಿತ್ತು, ಎಲ್ಲ ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಕೆಳಗೆ ಎಳೆದು, ಬರೀ ಹೆಡ್‌ಫೋನ್‌ನಲ್ಲಿ ಕೇಳಿದೆ. ಆಗಲೂ ಬರುತ್ತಿತ್ತು. ಹೊರಗಿನ ಏನೂ ಇಲ್ಲದೆ ಬರುತ್ತಿದೆ ಅಂದರೆ ರೋಗ ಒಳಗಿನದು. 100 ಹರ್ಟ್ಜ್ ಅಂದರೆ ಪವರ್ ಸಪ್ಲೈ ಕೆಪಾಸಿಟರ್ ಮೇಲೆಯೇ ಮೊದಲ ಅನುಮಾನ.

ಪ್ಲಗ್ ಕಿತ್ತು ಕಾಲು ಗಂಟೆ ಬಿಟ್ಟೆ. ಹಿಂದಿನ ಹದಿನಾಲ್ಕು ಸ್ಕ್ರೂ ತೆಗೆದು ಚಿತ್ರಾನ್ನದ ಡಬ್ಬಿಗೆ ಹಾಕಿದೆ. ಒಳಗೆ ಹಳೆಯ ಮಾದರಿಯ ದೊಡ್ಡ ಟ್ರಾನ್ಸ್‌ಫಾರ್ಮರ್ ಇತ್ತು. ಅದು ಒಳ್ಳೆಯ ಸುದ್ದಿ. ಎಸ್‌ಎಂಪಿಎಸ್ ಅನ್ನುವ ಹೊಸ ಮಾದರಿಯ ಪವರ್ ಸಪ್ಲೈ ಇರುವ ಮಿಕ್ಸರ್‌ನಲ್ಲಿ ಮೊದಲ ಕೆಪಾಸಿಟರ್‌ನಲ್ಲೇ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರಬಹುದು. ಅಭ್ಯಾಸ ಇಲ್ಲದವರು ಅಂಥದ್ದರ ಮುಚ್ಚಳ ತೆಗೆಯಲೇಬಾರದು. ಇಲ್ಲಿ ಕೆಪಾಸಿಟರ್‌ಗಳಲ್ಲಿ ಇಪ್ಪತ್ತು ಚಿಲ್ಲರೆ ವೋಲ್ಟ್ ಮಾತ್ರ. ಆದರೂ ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಕೆಟ್ಟ ಅಭ್ಯಾಸ ಬೇಡ. 100 ಓಮ್‌ನ 5 ವ್ಯಾಟ್ ರೆಸಿಸ್ಟರ್‌ನ ಎರಡು ಕಾಲಿಗೆ ಇನ್ಸುಲೇಶನ್ ಇರುವ ಕ್ಲಿಪ್ ಹಾಕಿಟ್ಟುಕೊಂಡಿದ್ದೇನೆ. ಅದನ್ನು ಮೂರು ಸೆಕೆಂಡ್ ಹಿಡಿದರೆ ಖಾಲಿ. ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ಬೆರಳು ಇಟ್ಟೆ.

ಎರಡು ದಪ್ಪ ಕೆಪಾಸಿಟರ್, 4700 ಮೈಕ್ರೋಫ್ಯಾರಡ್, 35 ವೋಲ್ಟ್. ಒಂದರ ತಲೆ ಹೋಳಿಗೆ ಉಬ್ಬಿದ ಹಾಗೆ ಉಬ್ಬಿತ್ತು. ಇನ್ನೊಂದು ನೋಡಲು ನೆಟ್ಟಗಿತ್ತು, ಬುಡದಲ್ಲಿ ಮಾತ್ರ ಕಂದು ಬಣ್ಣದ ಅಂಟು. ಬಿಚ್ಚಿ ಅಳೆದೆ. ಉಬ್ಬಿದ್ದು 860 ತೋರಿಸಿತು. ನೆಟ್ಟಗಿದ್ದದ್ದು 1900. ಕಣ್ಣಿಗೆ ಚೆನ್ನಾಗಿದೆ ಅಂತ ಬಿಟ್ಟಿದ್ದರೆ ಅರ್ಧ ಗುಂಯ್ ಉಳಿದುಬಿಡುತ್ತಿತ್ತು.

ಕೆಪಾಸಿಟರ್ ಇಲ್ಲಿ ನೀರಿನ ತೊಟ್ಟಿ ಇದ್ದ ಹಾಗೆ. ಡಯೋಡ್‌ಗಳು ಸೆಕೆಂಡಿಗೆ 100 ಸಲ ಒಂದೊಂದು ಚೊಂಬು ಸುರಿಯುತ್ತವೆ. ಮಧ್ಯದ ಬಿಡುವಿನಲ್ಲಿ ಮಿಕ್ಸರ್ ತೊಟ್ಟಿಯಿಂದ ಕುಡಿಯುತ್ತಿರುತ್ತದೆ. ತೊಟ್ಟಿ ದೊಡ್ಡದಿದ್ದರೆ ಮಟ್ಟ ಹೆಚ್ಚು ಇಳಿಯುವುದಿಲ್ಲ. ಅದರ ಮುಂದೆ 7815 ರೆಗ್ಯುಲೇಟರ್ ಇದೆ, 15 ವೋಲ್ಟ್ ಅನ್ನು ಗಟ್ಟಿಯಾಗಿ ಹಿಡಿಯುವುದು ಅದರ ಕೆಲಸ. ಆದರೆ ತನಗೆ ಬರುವ ವೋಲ್ಟೇಜ್ 17ಕ್ಕಿಂತ ಮೇಲೆ ಇದ್ದರೆ ಮಾತ್ರ ಅದಕ್ಕೆ ಆ ಕೆಲಸ ಸಾಧ್ಯ. ಒಂದು ತೊಟ್ಟಿ ಕಾಲು ಭಾಗಕ್ಕಿಂತಲೂ ಕಡಿಮೆಗೆ ಕುಗ್ಗಿದ್ದರಿಂದ ಪ್ರತಿ ಸಲ ಮಟ್ಟ 17ರ ಕೆಳಗೆ ಇಳಿಯುತ್ತಿತ್ತು. ಆ ಕ್ಷಣಗಳಲ್ಲಿ ರೆಗ್ಯುಲೇಟರ್ ಕೈಬಿಡುತ್ತಿತ್ತು. ಸೆಕೆಂಡಿಗೆ 100 ಸಲ. ಅದೇ ಮೇಷ್ಟ್ರ ಕಿವಿಗೆ ಬಿದ್ದ ಇಳಿದ ಪಂಚಮ.

ಹೊಸದು ತರುವಾಗ 85 ಡಿಗ್ರಿಯ ಬದಲು 105 ಡಿಗ್ರಿಯದ್ದನ್ನು ಕೇಳಿ ತಂದೆ. ಕೆಪಾಸಿಟರ್ ಹತ್ತು ಡಿಗ್ರಿ ತಂಪಾಗಿದ್ದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ನಂಬುವ ಲೆಕ್ಕ. ಹಾಕುವಾಗ ಒಂದು ಕಡೆ ಎಚ್ಚರ ಬೇಕು. ಮೈನಸ್ 15 ವೋಲ್ಟ್ ಕಡೆಯ ಕೆಪಾಸಿಟರ್‌ಗೆ ಪ್ಲಸ್ ಕಾಲು ಗ್ರೌಂಡ್ ಕಡೆಗೆ ಬರುತ್ತದೆ. ಪಕ್ಕದ್ದನ್ನು ನೋಡಿಕೊಂಡು ಅದೇ ದಿಕ್ಕಿಗೆ ಹಾಕಿದರೆ ತಿರುಗುಮುರುಗಾಗಿ ಸಿಡಿಯುತ್ತದೆ. ಬಿಚ್ಚುವ ಮುಂಚೆ ಫೋಟೋ ತೆಗೆದಿದ್ದೆ. ಬೋರ್ಡ್ ಮೇಲೂ ಬಿಳಿ ಸ್ಕೆಚ್ ಪೆನ್‌ನಲ್ಲಿ ಗುರುತು ಹಾಕಿದ್ದೆ. ಬೆಸುಗೆ ಬಿಡಿಸುವಾಗ ಹಳೆಯ ಬೋರ್ಡಿನ ತಾಮ್ರದ ಪಟ್ಟಿ ಎದ್ದುಬರುತ್ತದೆ. ಅದಕ್ಕೆ ಮೊದಲು ಸ್ವಲ್ಪ ಹೊಸ ಸೀಸ ಕರಗಿಸಿ, ಆಮೇಲೆ ಬ್ರೇಡ್‌ನಿಂದ (ಹೆಣೆದ ತಾಮ್ರದ ಪಟ್ಟಿಯಿಂದ) ಹೀರಿಸಿದೆ. ಕಾಲು ತಾನಾಗಿಯೇ ಅಲ್ಲಾಡುವವರೆಗೆ ಎಳೆಯಲಿಲ್ಲ.

ಮೊದಲ ಸಲ ಕರೆಂಟ್ ಕೊಟ್ಟಿದ್ದು ಸೀರೀಸ್ ಬೋರ್ಡ್ ಮೂಲಕ. 60 ವ್ಯಾಟ್‌ನ ಹಳೆಯ ಬಲ್ಬ್ ಸಾಲಿನಲ್ಲಿ ಇರುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಮಿಕ್ಸರ್ ಬದುಕುತ್ತದೆ. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ನೇರವಾಗಿ ಕೊಟ್ಟು ಅಳೆದೆ. ಪ್ಲಸ್ 15.02, ಮೈನಸ್ 14.94. ಮೀಟರ್ ಅನ್ನು ಎಸಿಗೆ ತಿರುಗಿಸಿದರೆ ಮೊದಲು 140 ಮಿಲಿವೋಲ್ಟ್ ತೋರಿಸುತ್ತಿದ್ದ ಜಾಗದಲ್ಲಿ ಒಂದಕ್ಕಿಂತ ಕಡಿಮೆ. ಹೆಡ್‌ಫೋನ್ ಹಾಕಿದೆ. ಮೌನ. ಬೀದಿಯಲ್ಲಿ ಸೊಪ್ಪಿನವಳು ಕೂಗುವುದು ಕೇಳಿಸಿತು.

ಮುಚ್ಚಳ ತೆರೆದಿರುವಾಗಲೇ ಫೇಡರ್‌ಗಳನ್ನೂ ಬಿಚ್ಚಿ ತೊಳೆದೆ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಷ್. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ. ಆ ಕ್ಷಣಕ್ಕೆ ಕರಕರ ನಿಲ್ಲುತ್ತದೆ, ಆಮೇಲೆ ಆ ಎಣ್ಣೆಗೆ ಧೂಳು ಅಂಟಿಕೊಂಡು ಮುಂಚಿಗಿಂತ ಕೆಡುತ್ತದೆ. ಮುಚ್ಚಿದ ಮೇಲೆ ಪ್ಲಗ್ ಹೊರಗಿಟ್ಟುಕೊಂಡು, ಅರ್ತ್ ಪಿನ್‌ನಿಂದ ತಗಡಿಗೆ ಅಳೆದೆ. 0.2 ಓಮ್. ಕಾರ್ಖಾನೆಯಿಂದ ಇನ್ಸುಲೇಶನ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್ ತಂದು ಫೇಸ್ ಪಿನ್‌ನಿಂದ ತಗಡಿಗೆ ನೋಡಿದೆ. ಮುಳ್ಳು ಅನಂತದ ಕೊನೆಯಲ್ಲೇ ನಿಂತಿತು, ಎಲ್ಲೂ ಸೋರಿಕೆ ಇಲ್ಲ ಅಂತ. ಇಷ್ಟಾಗದೆ ಯಾರ ಕೈಗೂ ಮೈಕ್ ಕೊಡುವುದಿಲ್ಲ ಅಂತ ಮೊದಲೇ ನಿರ್ಧರಿಸಿದ್ದೆ.

48 ವೋಲ್ಟ್

ಘಟಕ್ಕೆ ಕಂಡೆನ್ಸರ್ ಮೈಕ್ ಇಡುವ ಆಸೆ ಇತ್ತು. ಅದಕ್ಕೆ ಮಿಕ್ಸರ್‌ನಿಂದಲೇ ಕರೆಂಟ್ ಹೋಗಬೇಕು. ಇದೇ ಫ್ಯಾಂಟಮ್ ಪವರ್. 48 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೋದವರಿಗಾಗಿ ಟ್ರಾನ್ಸಿಸ್ಟರ್ ಮೈಕ್ ಮಾಡಿಕೊಟ್ಟಿತು. ಚಳಿಗಾಲದಲ್ಲಿ ಹಗಲು ಕಡಿಮೆ ಇರುವ ಆ ಊರಿನ ಸ್ಟುಡಿಯೋಗಳಲ್ಲಿ ಹೆಚ್ಚುವರಿ ದೀಪಗಳಿಗೆ ಅಂತ 48 ವೋಲ್ಟ್ ಸಪ್ಲೈ ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು. ಅಲ್ಲಿನ ದೀಪದ ವೋಲ್ಟೇಜ್ ಇವತ್ತು ಹನುಮಂತನಗರದ ಘಟದ ಮುಂದೆಯೂ ಇದೆ.

ಮೈಕ್ ಕೇಬಲ್ ಸಿಕ್ಕಿಸುವ ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಕನೆಕ್ಟರ್‌ನ ಪಿನ್ 1 ಜಾಲರಿ, 2 ಮತ್ತು 3 ಸಿಗ್ನಲ್. ಫ್ಯಾಂಟಮ್ ಹಾಕಿದಾಗ 1ರಿಂದ 2ಕ್ಕೂ, 1ರಿಂದ 3ಕ್ಕೂ ಒಂದೇ ವೋಲ್ಟೇಜ್ ಇರಬೇಕು, 44ರಿಂದ 52ರ ಒಳಗೆ. ಎರಡೂ ಕಡೆ ಸಮನಾಗಿರುವುದರಿಂದಲೇ ಹೊರಗಿನ ಕರೆಂಟ್ ಬೇಡದ ಮಾಮೂಲಿ ಡೈನಾಮಿಕ್ ಮೈಕ್‌ಗೆ ಅದು ಗೊತ್ತೇ ಆಗುವುದಿಲ್ಲ. ನನ್ನ ಮಿಕ್ಸರ್‌ನಲ್ಲಿ ಬಂದದ್ದು 31. ಆ ವಿಭಾಗದ 63 ವೋಲ್ಟ್‌ನ ಪುಟ್ಟ ಕೆಪಾಸಿಟರ್ ಸೋರುತ್ತಿತ್ತು. ಬದಲಾಯಿಸಿದ ಮೇಲೆ 47.3. ಹನ್ನೆರಡು ಚಾನೆಲ್ಲೂ ಅಳೆದೆ. ಒಂಬತ್ತನೆಯದರಲ್ಲಿ ಪಿನ್ 3ಕ್ಕೆ ಏನೂ ಬರುತ್ತಿರಲಿಲ್ಲ, ಅದರ ಮೇಲೆ ಕೆಂಪು ಟೇಪ್ ಹಚ್ಚಿದೆ.

ಈ ಮಿಕ್ಸರ್‌ನಲ್ಲಿ ಫ್ಯಾಂಟಮ್‌ಗೆ ಒಂದೇ ಸ್ವಿಚ್. ಹಾಕಿದರೆ ಎಲ್ಲ ಎಕ್ಸ್‌ಎಲ್‌ಆರ್‌ಗೂ ಹೋಗುತ್ತದೆ. ಹಾಗಾಗಿ ತಂಬೂರಿಯನ್ನು ಯಾವತ್ತೂ ಫ್ಯಾಂಟಮ್ ಹೋಗದ ಲೈನ್ ಇನ್ ತೂತಿಗೇ ಸಿಕ್ಕಿಸುತ್ತೇನೆ, ಎಕ್ಸ್‌ಎಲ್‌ಆರ್‌ಗೆ ಹಾಕುವುದಿಲ್ಲ. ಅದರ ಔಟ್‌ಪುಟ್‌ಗೆ 48 ವೋಲ್ಟ್ ಬಂದರೆ ಸುಟ್ಟುಹೋಗಬಹುದು. ಒಳಗೆ ತೆಳು ಲೋಹದ ಪಟ್ಟಿಯಿರುವ ರಿಬ್ಬನ್ ಮೈಕ್ ಇರುವವರೂ ಫ್ಯಾಂಟಮ್ ಆರಿಸಿಯೇ ಸಿಕ್ಕಿಸಬೇಕು. ಕಂಡೆನ್ಸರ್ ಮೈಕ್ ಹಾಕುವ ಕ್ರಮ ಹೀಗೆ: ಫೇಡರ್ ಕೆಳಗೆ, ಕೇಬಲ್ ಸಿಕ್ಕಿಸು, ಆಮೇಲೆ ಸ್ವಿಚ್, ಹತ್ತು ಸೆಕೆಂಡ್ ಕಾಯಿ, ಆಮೇಲೆ ಫೇಡರ್. ಅವಸರ ಮಾಡಿದರೆ ಢಂ ಅನ್ನುವ ಸದ್ದು ಸ್ಪೀಕರ್‌ಗೂ ಮುಂದೆ ಕೂತ ಮಕ್ಕಳ ಕಿವಿಗೂ ಹೊಡೆಯುತ್ತದೆ.

ಮತ್ತೆ ಬಂದ ಗುಂಯ್

ಹಬ್ಬಕ್ಕೆ ಎರಡು ದಿನ ಮುಂಚೆ ಹಾಲ್‌ನಲ್ಲಿ ಜೋಡಿಸಿದರೆ ಮತ್ತೆ ಗುಂಯ್! ಈ ಸಲ ದನಿ ಬೇರೆ, ಇನ್ನೂ ಮಂದ್ರ. 50 ಹರ್ಟ್ಜ್. ಹೆಡ್‌ಫೋನ್‌ನಲ್ಲಿ ಇಲ್ಲ, ಸ್ಪೀಕರ್‌ನಲ್ಲಿ ಮಾತ್ರ. ಬಲಗಡೆ ಸ್ಪೀಕರ್‌ನ ಕೇಬಲ್ ಕಿತ್ತರೆ ನಿಲ್ಲುತ್ತಿತ್ತು.

ಮಿಕ್ಸರ್ ಹಾಲ್‌ನ ಹಿಂದಿನ ಸಾಕೆಟ್‌ನಲ್ಲಿ, ಬಲಗಡೆಯ ಸ್ಪೀಕರ್ ಸ್ಟೇಜಿನ ಸಾಕೆಟ್‌ನಲ್ಲಿ ಇದ್ದವು. ಎರಡಕ್ಕೂ ಅರ್ತ್ ಇದೆ. ಜೊತೆಗೆ ಆಡಿಯೋ ಕೇಬಲ್‌ನ ಜಾಲರಿಯೂ ಎರಡನ್ನು ಸೇರಿಸುತ್ತದೆ. ಹೀಗೆ ಅರ್ತ್‌ನದ್ದೇ ಒಂದು ದೊಡ್ಡ ಉಂಗುರ ಆಯಿತು. ಹಾಲ್ ತುಂಬ ಹರಡಿರುವ ಕರೆಂಟ್ ತಂತಿಗಳ ಕಾಂತಕ್ಷೇತ್ರ ಆ ಉಂಗುರದೊಳಗೆ ಸಣ್ಣ ಕರೆಂಟ್ ಓಡಿಸುತ್ತದೆ. ಈ ಗುಂಯ್ ನಿಲ್ಲಿಸಲು ಜನ ಪಿನ್ ಕೊಯ್ಯುವುದು. ನಿಜ, ಕೊಯ್ದರೆ ನಿಲ್ಲುತ್ತದೆ, ಉಂಗುರ ಕಡಿದುಹೋಗುತ್ತದೆ. ಜೀವ ಉಳಿಸುವ ತಂತಿಯೂ ಅದರ ಜೊತೆಗೇ ಹೋಗುತ್ತದೆ.

ಕಡಿಯಬೇಕಾದದ್ದು ಆಡಿಯೋ ಕಡೆಯಲ್ಲಿ. ಅದಕ್ಕೂ ಮುಂಚೆ, ಸ್ಟೇಜಿನ 16 ಆಂಪ್ ಸಾಕೆಟ್‌ನಿಂದ 2.5 ಚದರ ಮಿಲಿಮೀಟರ್‌ನ ದಪ್ಪ ಎಕ್ಸ್‌ಟೆನ್ಷನ್ ಎಳೆದು ಮಿಕ್ಸರ್‌ಗೂ ಎರಡೂ ಸ್ಪೀಕರ್‌ಗೂ ಅಲ್ಲಿಂದಲೇ ಕೊಟ್ಟೆ. ಉಂಗುರ ಪುಟ್ಟದಾಯಿತು, ಗುಂಯ್ ಮುಕ್ಕಾಲು ಹೋಯಿತು. ಬಲಗಡೆ ಸ್ಪೀಕರ್‌ನ ಕೇಬಲ್ ಬಿಚ್ಚಿ ನೋಡಿದರೆ ಯಾರೋ ಪಿನ್ 1 ಮತ್ತು 3 ಸೇರಿಸಿ ಬೆಸೆದಿದ್ದರು. ಎರಡು ಸಿಗ್ನಲ್ ತಂತಿಗಳಿಂದ ಗುಂಯ್ ಕಳೆದುಹಾಕುವ ಬ್ಯಾಲೆನ್ಸ್ಡ್ ಕೇಬಲ್‌ನ ಗುಣವೇ ಹೋಗಿತ್ತು. ಮೂರನ್ನೂ ಬೇರೆ ಬೇರೆ ಮಾಡಿ ಬೆಸೆದೆ. ಗುಂಯ್ ಪೂರ್ತಿ ನಿಂತಿತು. ಲ್ಯಾಪ್‌ಟಾಪ್‌ನಿಂದ ನಾದಸ್ವರ ಹಾಕುವಾಗ ಮಾತ್ರ ಕೀರಲು ಸದ್ದು ಇತ್ತು. ಅದಕ್ಕೆ ಲ್ಯಾಪ್‌ಟಾಪ್‌ಗೂ ಮಿಕ್ಸರ್‌ಗೂ ಮಧ್ಯೆ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಅನ್ನುವ ಪುಟ್ಟ ಡಬ್ಬಿ ಹಾಕಿ ಗ್ರೌಂಡ್ ಲಿಫ್ಟ್ ಒತ್ತಿದೆ. ಆ ಗುಂಡಿ ಸಿಗ್ನಲ್ ಕೇಬಲ್‌ನ ಜಾಲರಿಯನ್ನು ಮಾತ್ರ ಬಿಡಿಸುತ್ತದೆ. ಪ್ಲಗ್‌ನ ಅರ್ತ್‌ಗೆ ಏನೂ ಆಗುವುದಿಲ್ಲ.

ಸಂಜೆ

ರಾಮನವಮಿಯ ದಿನ ಮೂರು ಗಂಟೆಗೇ ಹೋದೆ. ಆನ್ ಮಾಡುವಾಗ ಮೊದಲು ತಂಬೂರಿ, ಆಮೇಲೆ ಮಿಕ್ಸರ್, ಕೊನೆಗೆ ಸ್ಪೀಕರ್. ಆಫ್ ಮಾಡುವಾಗ ಉಲ್ಟಾ, ಸ್ಪೀಕರ್ ಮೊದಲು. ಯಾಕೆಂದರೆ ಮಿಕ್ಸರ್ ಏಳುವಾಗಲೂ ಮಲಗುವಾಗಲೂ ಒಂದು ಗುದ್ದು ಹೊರಡುತ್ತದೆ. ಕರೆಂಟ್ ಹೋದಾಗ ಇದನ್ನು ಮರೆಯಬಾರದು. ಬೆಸ್ಕಾಂ ಕರೆಂಟ್ ವಾಪಸ್ ಬಂದಾಗ ಎಲ್ಲವೂ ಒಟ್ಟಿಗೆ ಏಳುತ್ತವೆ. ಕರೆಂಟ್ ಹೋದ ತಕ್ಷಣ ಸ್ಪೀಕರ್ ಸ್ವಿಚ್ ಆರಿಸುವ ಕೆಲಸವನ್ನು ಸ್ಟೇಜ್ ಪಕ್ಕದಲ್ಲಿ ಕೂರುವ ಒಬ್ಬ ಹುಡುಗನಿಗೆ ವಹಿಸಿದೆ. ಸಂಜೆ ಒಂದು ಸಲ ಹೋಯಿತು ಕೂಡ. ಓಡಿಹೋಗಿ ಎರಡನ್ನೂ ಆರಿಸಿದ.

ಮೇಷ್ಟ್ರ ಮೈಕ್‌ಗೆ ಗೇನ್ (ಮೈಕಿನ ಸಣ್ಣ ಸಿಗ್ನಲ್ ಅನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ಇಡುವಾಗ "ಒಂದು, ಎರಡು, ಮೂರು" ಹೇಳಿಸಲಿಲ್ಲ. ಹಾಡುಗಾರರು ಮಾತಾಡುವಷ್ಟೇ ಸದ್ದಿನಲ್ಲಿ ಹಾಡುವುದಿಲ್ಲ. "ತಾರ ಷಡ್ಜದಲ್ಲಿ ನಿಂತು ಜೋರಾಗಿ ಹಾಡಿ," ಅಂದೆ. ಹೆಡ್‌ಫೋನ್ ವಾಲ್ಯೂಮ್ ತಗ್ಗಿಸಿ ಆ ಒಂದು ಚಾನೆಲ್ ಮಾತ್ರ ಕೇಳಿಸುವ ಪಿಎಫ್‌ಎಲ್ ಗುಂಡಿ ಒತ್ತಿದೆ. ಗೇನ್ ಅನ್ನು ಮೆಲ್ಲಗೆ ತಿರುಗಿಸಿ, ಅವರ ಅತಿ ಜೋರಿನ ಸ್ವರಕ್ಕೆ ಮೀಟರ್ 0 ದಾಟಿ ಸ್ವಲ್ಪ ಮೇಲೆ ಮುಟ್ಟಿ ಇಳಿಯುವ ಹಾಗೆ ಇಟ್ಟೆ. ಕೆಂಪು ದೀಪಕ್ಕೆ ಇನ್ನೂ ಜಾಗ ಬೇಕು. ಕಚೇರಿ ಕಾವೇರಿದಾಗ ಎಲ್ಲರೂ ಒಂದು ಗೆರೆ ಜೋರಾಗುತ್ತಾರೆ. ಗೇನ್ ಇಟ್ಟ ಮೇಲೆ ಮತ್ತೆ ಮುಟ್ಟಲಿಲ್ಲ. ಫೇಡರ್ 0 ಹತ್ತಿರ. ಅಲ್ಲಿ ಬೆರಳು ಅರ್ಧ ಸೆಂಟಿಮೀಟರ್ ಸರಿದರೂ ಸದ್ದು ಸ್ವಲ್ಪವೇ ಬದಲಾಗುತ್ತದೆ. ಕೆಳಗಿನ ಮೂಲೆಯಲ್ಲಿ ಅಷ್ಟೇ ಸರಿದರೆ ಒಮ್ಮೆಗೇ ಏರುತ್ತದೆ, ಇಳಿಯುತ್ತದೆ.

ಹಾಡು ಮತ್ತು ಪಿಟೀಲಿಗೆ 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ತಗ್ಗಿಸುವ ಲೋ ಕಟ್ ಒತ್ತಿದೆ. ಸ್ಟೇಜಿನ ಹಲಗೆಯ ಧಡಧಡ ಹೋಗುತ್ತದೆ, ಮಂದ್ರ ಪಂಚಮ ಉಳಿಯುತ್ತದೆ. ಮೃದಂಗಕ್ಕೆ ಒತ್ತಲಿಲ್ಲ, ಎಡಮುಖದ ಗುಮುಕಿ (ಅದರ ಗುಂಭನೆಯ ಮಂದ್ರ ನಾದ) ಸತ್ತುಹೋಗುತ್ತದೆ.

ಕೂಯ್ ಅನ್ನುವ ಫೀಡ್‌ಬ್ಯಾಕ್‌ಗೆ ನನ್ನ ಮೊದಲ ಔಷಧ ಮೈಕ್ ಅನ್ನು ಹತ್ತಿರ ತರುವುದು. ಒಂದು ಗೇಣು ದೂರ ಇದ್ದದ್ದು ಅರ್ಧ ಗೇಣಾದರೆ ದನಿ 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಜಾಸ್ತಿ ಸಿಗುತ್ತದೆ. ಅಷ್ಟು ಗೇನ್ ಇಳಿಸಬಹುದು. ಮೇಷ್ಟ್ರಿಗೆ ತಮ್ಮ ದನಿ ಕೇಳಲೆಂದು ಮುಂದೆ ಇಟ್ಟ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನಿಗೆ ನೇರವಾಗಿ ಇದೆ. ಕಾರ್ಡಿಯಾಯ್ಡ್ ಮೈಕ್‌ಗೆ ಬೆನ್ನಿನ ಕಡೆ ಕಿವುಡು. ಮಾನಿಟರ್‌ಗೆ ಪ್ರೀ ಫೇಡರ್ ಆಕ್ಸ್, ಅಂದರೆ ಫೇಡರ್‌ಗಿಂತ ಮೊದಲೇ ಕವಲೊಡೆಯುವ ಔಟ್‌ಪುಟ್, ಬಳಸಿದೆ. ಹಾಲ್‌ಗೆ ನಾನು ಏರಿಸಿದರೂ ಇಳಿಸಿದರೂ ಅವರಿಗೆ ಕೇಳುವುದು ಬದಲಾಗಬಾರದು. ಆದರೂ 2.5 ಕಿಲೋಹರ್ಟ್ಜ್ ಹತ್ತಿರ ಒಂದು ಸೀಟಿ ಉಳಿದಿತ್ತು. ಮಿಡ್ ಗುಂಡಿಯಲ್ಲಿ ಹುಡುಕಿ 4 ಡಿಬಿ ಇಳಿಸಿದೆ, ಹೋಯಿತು.

ಹಾಲ್ ಮಧ್ಯದಲ್ಲಿ 80 ಡಿಬಿ ಆಸುಪಾಸು ಇಟ್ಟುಕೊಂಡೆ. 85 ಡಿಬಿಯಲ್ಲಿ ಎಂಟು ಗಂಟೆ ಕೇಳಿದರೆ ಕಿವಿಗೆ ಅಪಾಯ ಶುರು. ಅಲ್ಲಿಂದ 3 ಡಿಬಿ ಏರಿದಾಗೆಲ್ಲ ಆ ಹೊತ್ತು ಅರ್ಧವಾಗುತ್ತದೆ. ಹೊರಗೆ ಹಾರ್ನ್ ಕಟ್ಟಲು ನಾನು ಒಪ್ಪಲಿಲ್ಲ. ಎದುರು ಮನೆಯಲ್ಲಿ ಹಸುಗೂಸು ಇದೆ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ತಂದಿದ್ದೆವು. 2000ದ ಶಬ್ದ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡಿಬಿ, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ನಮ್ಮ ಮಂಗಳಾರತಿ ಒಂಬತ್ತಕ್ಕೇ ಮುಗಿಯಿತು.

ಮಿಕ್ಸರ್ ಮೇಜಿನ ಮೇಲೆ ಪಾನಕದ ಲೋಟ ಇಡಲು ಬಂದವರಿಗೆಲ್ಲ ಪಕ್ಕದ ಸ್ಟೂಲ್ ತೋರಿಸಿದೆ. ಬೆಲ್ಲದ ನೀರು ಫೇಡರ್ ಒಳಗೆ ಹೋದರೆ ಮತ್ತೆ ಇಡೀ ಭಾನುವಾರದ ಕೆಲಸ.

ಆರೂವರೆಗೆ ಮೇಷ್ಟ್ರು ಬಂದು ಕೂತರು. ತಂಬೂರಿಯ ಫೇಡರ್ ಮೆಲ್ಲಗೆ ಏರಿಸಿದೆ. ಅವರು ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಹೆಬ್ಬೆರಳಿನಿಂದ ಸನ್ನೆ ಮಾಡಿದರು, ಇನ್ನೊಂದು ಚೂರು ಜಾಸ್ತಿ ಕೊಡು ಅಂತ. ಕೊಟ್ಟೆ. ಪಂಚಮದಲ್ಲಿ ನಿಂತೇ ಆಲಾಪನೆ ಶುರು ಮಾಡಿದರು.

ಒಂಬತ್ತನೇ ಚಾನೆಲ್‌ನ ಪಿನ್ 3 ಇನ್ನೂ ಬಾಕಿ ಇದೆ. ಅಲ್ಲಿನ 6.8 ಕಿಲೋ ಓಮ್ ರೆಸಿಸ್ಟರ್ ಒಳಗೇ ಕಡಿದುಹೋಗಿರಬೇಕು. ಮುಂದಿನ ಭಾನುವಾರ ಬಿಚ್ಚುತ್ತೇನೆ. ಅಲ್ಲಿಯವರೆಗೆ ಕೆಂಪು ಟೇಪ್ ಇರುತ್ತದೆ.